ಗಂಗವ್ವನ ದನಿ ಆಕಾಶಕ್ಕೇರಿದ್ದು

ನಿನ್ನೆ ಬೆಳಿಗ್ಗೆ ಧಾರವಾಡದ ನಮ್ಮ ಓಣಿಗೆ ತರಕಾರಿ ಗಾಡಿ ಬಂತು. ಈಗಿನ ಗಾಡಿಯವರು ಕೂಗುವುದಿಲ್ಲ. ಒಮ್ಮೆ ಕೂಗಿದ್ದನ್ನು ಮೊಬೈಲಿನಲ್ಲಿ ಹಿಡಿದಿಟ್ಟು, ಸ್ಪೀಕರಿಗೆ ಜೋಡಿಸಿ ಆರಾಮಾಗಿ ಕೂತುಬಿಡುತ್ತಾರೆ. ‘ಬದನಿಕಾಯಿ, ಹೀರಿಕಾಯಿ’ ಎನ್ನುತ್ತಿದ್ದ ಸ್ಪೀಕರು ಥಟ್ಟನೆ ನಿಂತು, ಅದರೊಳಗಿಂದ ಒಬ್ಬ ಹೆಂಗಸು, ‘ನಿಮ್ಮವ್ವ ಮತ್ತ ಶುರು ಮಾಡ್ಯಾಳ ನೋಡ್ರಿ’ ಎಂದಳು. ಗಾಡಿಯವನಿಗೆ ಹೆಂಡತಿಯ ಫೋನು ಬಂದಿತ್ತು. ಅವನು ಗಾಬರಿಯಾಗಿ ಗುಂಡಿ ಹುಡುಕುವಷ್ಟರಲ್ಲಿ ಅತ್ತೆಯ ಮೇಲಿನ ದೂರು ಅರ್ಧ ಮುಗಿದಿತ್ತು. ಓಣಿಯೆಲ್ಲ ನಕ್ಕಿತು. ನಾನು ಮಾತ್ರ ಕೈಯಲ್ಲಿ ಚೀಲ ಹಿಡಿದು, ವಾಸ್ಕೋದ ಗಂಗವ್ವನನ್ನು ನೆನೆಯುತ್ತ ನಿಂತೆ.

ಎರಡು ಸಾವಿರದ ನಾಲ್ಕೋ ಐದೋ ಇಸವಿ ಇರಬೇಕು. ನಾನಾಗ ಗೋವಾದಲ್ಲಿ, ವೆರ್ಣಾದ ಒಂದು ಕಾರ್ಖಾನೆಯ ಸ್ಟೋರಿನಲ್ಲಿದ್ದೆ. ಇರುವುದು ವಾಸ್ಕೋದ ಗುಡ್ಡದ ಮೇಲೆ, ಶಂಕ್ರಪ್ಪನ ಮನೆಯ ಕೆಳಗಿನ ಕೋಣೆಯಲ್ಲಿ. ಬಾದಾಮಿ ಕಡೆಯ ಶಂಕ್ರಪ್ಪ ಬಂದರಿನಲ್ಲಿ ಮೂಟೆ ಹೊತ್ತು ಬೆಳೆದವನು. ಆಮೇಲೆ ಸೆಂಟ್ರಿಂಗ್ ಹಲಗೆ ಬಾಡಿಗೆಗೆ ಕೊಡುವ ಅಂಗಡಿ ಇಟ್ಟು ಈ ಮನೆ ಕಟ್ಟಿದ್ದ. ಅವನ ಹೆಂಡತಿ ಗಂಗವ್ವ. ರಜೆಯ ದಿನ ನನ್ನಂಥ ಒಂಟಿ ಮನುಷ್ಯನಿಗೆ ಮೇಲಿನಿಂದ ರೊಟ್ಟಿ, ಪುಂಡಿಪಲ್ಲೆ ಇಳಿದು ಬರುತ್ತಿದ್ದವು. ‘ಎರಡು ಸಾಕ್ರಿ’ ಎಂದು ನಾನು ಮರ್ಯಾದೆಗೆ ಹೇಳುತ್ತಿದ್ದೆ. ಆಕೆ ನಂಬುತ್ತಿದ್ದಳು ಎಂದುಕೊಂಡಿದ್ದೆ.

ಮೊಬೈಲು ಇನ್ನೂ ದೊಡ್ಡವರ ವಸ್ತುವಾಗಿದ್ದ ಕಾಲ. ಹಡಗಿನವರೊಬ್ಬರಿಂದ ಶಂಕ್ರಪ್ಪ ಒಂದು ಕಾರ್ಡ್‌ಲೆಸ್ ಫೋನು ತಂದ. ಸಾಮಾನ್ಯದ್ದಲ್ಲ. ಅದರ ಪೆಟ್ಟಿಗೆ ಪೇಟೆಯ ಅಂಗಡಿಯಲ್ಲಿ, ಅಂಟೆನಾದ ಉದ್ದನೆಯ ಕಡ್ಡಿ ಅಂಗಡಿಯ ಮಾಡಿನ ಮೇಲೆ. ಮಾತಾಡುವ ತುಂಡು ಮಾತ್ರ ಗುಡ್ಡದ ಮೇಲೆ ಗಂಗವ್ವನ ಸೊಂಟದಲ್ಲಿ. ನಡುವೆ ತಂತಿಯಿಲ್ಲ, ಬಿಲ್ಲಿಲ್ಲ. ಹದಿನೈದು ವರ್ಷದ ಸಂಸಾರದಲ್ಲಿ ಆಡದೆ ಉಳಿದಿದ್ದನ್ನೆಲ್ಲ ಆಕೆ ಗಂಡನೊಡನೆ ಒಂದೇ ಚಳಿಗಾಲದಲ್ಲಿ ಆಡಿ ಮುಗಿಸಿದಳು.

ಆ ವರ್ಷ ನಾನು ವಾಸ್ಕೋದ ನಮ್ಮ ಓಣಿಯ ಕನ್ನಡ ಸಂಘದ ಕಾರ್ಯದರ್ಶಿ. ಸಂಘವೆಂದರೆ ಒಂದು ಬ್ಯಾನರು ಮತ್ತು ನಾನು. ಒಂದು ರವಿವಾರ ಮಧ್ಯಾಹ್ನ ಜೀಪಿನಲ್ಲಿ ಬಂದ ಸರಕಾರಿ ಅಧಿಕಾರಿಯೊಬ್ಬರು ಹಿಂದಿಯಲ್ಲಿ, ಕನ್ನಡ ಚೆನ್ನಾಗಿ ಬಲ್ಲವರು ಬೇಕಾಗಿದ್ದಾರೆ ಎಂದರು. ಕನ್ನಡಕ್ಕೆ ದಿಲ್ಲಿಯಲ್ಲಿ ಕಡೆಗೂ ಬೆಲೆ ಬಂತೆಂದು ನಾನು ಇಸ್ತ್ರಿಯ ಅಂಗಿ ಹಾಕಿಕೊಂಡು ಜೀಪು ಹತ್ತಿದೆ.

ಜೀಪು ಗುಡ್ಡ ಇಳಿದು ಪೇಟೆ ಸುತ್ತತೊಡಗಿದ ಮೇಲೆ ಅವರು ವಿಷಯ ಹೇಳಿದರು. ಇಳಿಯುವ ವಿಮಾನದವರು ಕೆಳಗಿನ ಟವರನ್ನು ರೇಡಿಯೋದಲ್ಲಿ ಕೇಳುತ್ತಾರೆ, ಟವರಿನವರು ಇಳಿಯಿರಿ ಎನ್ನುತ್ತಾರೆ. ಈಚೆಗೆ ಈ ಮಾತಿನ ನಡುವೆ ಯಾವುದೋ ಕಳ್ಳ ಫೋನಿನ ದನಿ ನುಗ್ಗುತ್ತಿದೆ. ಹಿಂದಿನ ವಾರ ಒಂದು ವಿಮಾನ ಇನ್ನೇನು ಇಳಿಯಬೇಕು, ಟವರಿನ ಉತ್ತರ ಬರುವ ಹೊತ್ತಿಗೆ ಒಬ್ಬ ಹೆಂಗಸು ಗಟ್ಟಿಯಾಗಿ ಏನೋ ಕೂಗಿದಳು. ಉತ್ತರ ಕೇಳದೆ ಪೈಲಟ್ ವಿಮಾನವನ್ನು ಮತ್ತೆ ಮೇಲಕ್ಕೊಯ್ದು ಸಮುದ್ರದ ಮೇಲೆ ಸುತ್ತು ಹಾಕಿ ಬಂದ. ಅದೃಷ್ಟಕ್ಕೆ ಆತ ಹುಬ್ಬಳ್ಳಿಯವನು. ಆಕೆ ಕೂಗಿದ್ದು ಕನ್ನಡದಲ್ಲಿ ಎಂದು ವರದಿ ಮಾಡಿದ. ಏನೆಂದು ಕೂಗಿದಳು ಎಂದು ಕೇಳಿದೆ. ಅಧಿಕಾರಿ ಚೀಟಿ ನೋಡಿ, ಅಕ್ಷರ ಅಕ್ಷರ ಬಿಡಿಸಿ ಓದಿದರು: ‘ಈಗ ಇಳೀಬ್ಯಾಡ್ರಿ, ನೆಲಾ ಸಾರಿಸೇನಿ.’

ಗಂಗವ್ವನ ಅತ್ತೆ ದಿನಾ ಮಾಳಿಗೆಯ ಮೇಲೆ ಬಿಸಿಲು ಕಾಯುತ್ತಿದ್ದಳು. ಸೊಸೆ ಫೋನು ಹಿಡಿದೇ ಕೆಳಗಿನಿಂದ ಆಕೆಗೆ ಹೀಗೆ ಕೂಗುವುದನ್ನು ನಾನೇ ಎಷ್ಟೋ ಸಲ ಕೇಳಿದ್ದೆ. ಅಧಿಕಾರಿ ನನ್ನ ಕಿವಿಗೆ ಹೆಡ್‌ಫೋನು ಹಾಕಿದರು. ಮೊದಲು ಬರೀ ಸುಂಯ್ ಎಂಬ ಸದ್ದು. ಆಮೇಲೆ ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟವಾಗಿ ಗಂಗವ್ವ.

‘ಕೆಳಗಿನ ಸರ ಎರಡು ಸಾಕ್ರಿ ಅಂತಾರ, ನಾಕು ತಿಂತಾರ. ಇವತ್ತ ಐದು ಬಡದೇನಿ.’

ಏನನ್ನುತ್ತಾಳೆ ಎಂದರು ಅಧಿಕಾರಿ. ಊಟದ ವಿಚಾರ ಎಂದೆ. ಯಾರ ಊಟ ಎಂದರು. ಯಾರೋ ಬಡಪಾಯಿಯದು ಎಂದೆ. ಅಷ್ಟರಲ್ಲಿ ಆಕೆ ನನ್ನ ಚಾದರದ ಮಾತಿಗೆ ಬಂದಿದ್ದಳು. ಅದು ದೀಪಾವಳಿಯಿಂದ ನೀರು ಕಂಡಿಲ್ಲವಂತೆ, ಅದಕ್ಕೇ ಯಾರೂ ಹೆಣ್ಣು ಕೊಡುತ್ತಿಲ್ಲವಂತೆ. ಇದನ್ನು ನಾನು ಭಾರತ ಸರಕಾರಕ್ಕೆ ಅನುವಾದಿಸಲಿಲ್ಲ.

ನಗಬೇಡಿ, ಆಗ ನನಗೆ ನಗೆ ಬಂದಿರಲಿಲ್ಲ. ಹೆಸರು ಹೇಳಿದರೆ ಶಂಕ್ರಪ್ಪ ಒಳಗೆ ಹೋಗಬಹುದು. ಅವನ ಮನೆಯ ಉಪ್ಪು ಉಂಡವನು ನಾನು. ಹೇಳದಿದ್ದರೆ ನಾಳೆ ಯಾವುದೋ ವಿಮಾನಕ್ಕೆ ಟವರಿನ ಮಾತು ಕೇಳುವುದಿಲ್ಲ. ಜೀಪು ತನ್ನಷ್ಟಕ್ಕೆ ಅಂಟೆನಾ ತಿರುಗಿಸಿ ದನಿಯ ಜಾಡು ಹಿಡಿಯುತ್ತ ಗುಡ್ಡ ಹತ್ತುತ್ತಲೇ ಇತ್ತು.

‘ಒಂದ್ ಜೀಪ್ ಬರಾಕತ್ತೈತ್ರಿ,’ ಎಂದಳು ಗಂಗವ್ವ, ನನ್ನ ಕಿವಿಯಲ್ಲಿ. ‘ಮ್ಯಾಲ ಬುಟ್ಟಿಯಂಥಾದ್ದು ತಿರಗತೈತಿ.’

ಈಗೇನು ಎಂದರು ಅಧಿಕಾರಿ. ಜೀಪು ಬರುತ್ತಿದೆಯಂತೆ ಎಂದೆ. ಯಾರ ಜೀಪು ಎಂದರು.

ನಮ್ಮದೇ ಎಂದೆ.

‘ಅಯ್ಯ, ಒಳಗ ನಮ್ಮ ಸರ ಅದಾರ. ಕಿವೀಗೆ ಏನೋ ಹಾಕ್ಕೊಂಡಾರ. ಇರ್ರಿ, ಏನಂತ ಕೇಳ್ತೇನಿ.’ ತಲೆಯೆತ್ತಿ ನೋಡಿದರೆ ಮೆಟ್ಟಿಲ ಮೇಲೆ ಆಕೆ, ಒಂದು ಕೈಯಲ್ಲಿ ಫೋನು, ಇನ್ನೊಂದನ್ನು ನನಗೆ ಬೀಸುತ್ತ ನಿಂತಿದ್ದಳು. ನನ್ನ ಧರ್ಮಸಂಕಟ ಹೀಗೆ ತಾನಾಗಿಯೇ ಮುಗಿಯಿತು.

ಅಧಿಕಾರಿ ಗದರಿಸಿ ಹೇಳಿದ್ದನ್ನೆಲ್ಲ ಈ ಸಲ ನಾನು ಪ್ರಾಮಾಣಿಕವಾಗಿ ಕನ್ನಡಕ್ಕೆ ತಂದೆ. ತನ್ನ ದನಿ ಆಕಾಶಕ್ಕೇರಿತು ಎಂದಾಗ ಗಂಗವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ತಿರುಗಿ ಮೇಲೆ ಹೋದ ವಿಮಾನದ ಸಂಗತಿ ಬಂದಾಗ ನಗು ನಿಂತಿತು.

‘ಅದರಾಗ ಸಣ್ಣ ಹುಡುಗೋರು ಇದ್ರೇನ್ರಿ?’

ಇರಬಹುದು, ತುಂಬಿದ ವಿಮಾನ ಎಂದರು ಅಧಿಕಾರಿ. ಆಕೆ ಅಲ್ಲೇ ಹೊಸ್ತಿಲ ಮೇಲೆ ಕೂತಳು. ಯಾರೂ ಕೇಳುವ ಮೊದಲೇ ಫೋನನ್ನು ಅವರ ಕೈಗಿಟ್ಟಳು. ಅಂಗಡಿಯ ಪೆಟ್ಟಿಗೆಯೂ ಜಪ್ತಿಯಾಯಿತು. ಶಂಕ್ರಪ್ಪ ಪಣಜಿಗೆ ಮೂರ್ನಾಲ್ಕು ಸಲ ಅಲೆದು, ಮುಚ್ಚಳಿಕೆ ಬರೆದುಕೊಟ್ಟು ಪಾರಾದ.

ಅದಾದಮೇಲೆ ಮೇಲಿನಿಂದ ರೊಟ್ಟಿ ಬರುವುದು ನಿಂತಿತು. ಜೀಪಿನಲ್ಲಿ ಕೂತು ಬಂದದ್ದಕ್ಕೆ ಸಿಟ್ಟೆಂದುಕೊಂಡು ನಾನು ಮುಖ ತಪ್ಪಿಸಿ ಓಡಾಡಿದೆ. ಹಾಗಲ್ಲ, ತನ್ನ ಮಾತೆಲ್ಲ ನನ್ನ ಕಿವಿಗೆ ಬಿದ್ದಿತ್ತೆಂದು ತಿಳಿದು ಆಕೆಯೂ ಮುಖ ತಪ್ಪಿಸುತ್ತಿದ್ದಳು. ಮೂರನೆಯ ರವಿವಾರ ಬುಟ್ಟಿ ಹಿಡಿದು ತಾನೇ ಇಳಿದು ಬಂದಳು.

‘ಎಷ್ಟ್ ಬೇಕ್ ಅಷ್ಟ್ ಹೇಳ್ರಿ ಸರ. ಹಿಂದ ಏನೂ ಅನ್ನೂದಿಲ್ಲ.’

ಐದು ಎಂದೆ. ಆ ಸಂಜೆಯೇ ಚಾದರವನ್ನೂ ಒಗೆದು ಹಾಕಿದೆ.

ನಿನ್ನೆ ತರಕಾರಿ ತಂದಿಟ್ಟು, ಬಹಳ ದಿನದ ಮೇಲೆ ವಾಸ್ಕೋಗೆ ಫೋನು ಮಾಡಿದೆ. ಗಂಗವ್ವನೇ ಎತ್ತಿದಳು. ಅತ್ತೆ ತೀರಿಹೋದದ್ದು, ಮೊಮ್ಮಗಳು ಸಾಲೆಗೆ ಹೋಗುವುದು ಎಲ್ಲ ಹೇಳುತ್ತಿದ್ದವಳು, ‘ತಡೀರಿ ಸರ’ ಎಂದು ಸುಮ್ಮನಾದಳು. ಅಲ್ಲಿ ದೂರದಲ್ಲಿ ಒಂದು ವಿಮಾನದ ಮೊರೆತ ಕೇಳಿ ಬಂತು. ಈಗಿನ ಮೊಬೈಲಿನಿಂದ ಹಾಗೆಲ್ಲ ಆಗುವುದಿಲ್ಲ, ಮಾತಾಡ್ರಿ ಎಂದೆ.

‘ಮಕ್ಕಳೂ ಅದನ್ನ ಅಂತಾರ,’ ಎಂದಳು ಮೆಲ್ಲಗೆ. ‘ಇರ್ಲಿ ಬಿಡ್ರಿ. ಮೊದಲ ಅವರು ಮಾತಾಡ್ಕೊಂಡು ಇಳೀಲಿ.’

ಮಾತಿನ ನಡುವೆ ಬಾಯಿ ಹಾಕುವ ಚಟ ನನ್ನದು. ಮನೆಯವರನ್ನು ಕೇಳಿದರೆ ಹೇಳುತ್ತಾರೆ. ಆದರೆ ಆ ಸದ್ದು ನೆಲ ಮುಟ್ಟಿ ಅಡಗುವವರೆಗೆ ನಾನೂ ಈ ಕಡೆಯಿಂದ ತುಟಿ ಬಿಚ್ಚಲಿಲ್ಲ.