ಆ ಕೊಂಬೆಯನ್ನು ಎಳೆಯಬೇಡಿ

ನಾನು ದನದ ಡಾಕ್ಟರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅಮೆರಿಕಕ್ಕೆ ಬಂದ ಹೊಸದರಲ್ಲಿ ಈ ವಿಷಯ ಯಾರಿಗೂ ಬೇಕಿರಲಿಲ್ಲ. ನಾಗಮಂಗಲದ ಕಡೆ ಒಂದು ಪಶು ಆಸ್ಪತ್ರೆಯಲ್ಲಿ ಎರಡು ವರ್ಷ ಕೆಲಸ ಮಾಡಿದ್ದೆ. ಅಡ್ಡ ತಿರುಗಿದ ಕರುಗಳನ್ನು ಭುಜದವರೆಗೆ ಕೈ ಹಾಕಿ ಹೊರಗೆ ತೆಗೆದಿದ್ದೆ. "ಡಾಕ್ಟ್ರು ಇಲ್ವಾ ಕಣಮ್ಮ?" ಎಂದು ನನ್ನನ್ನೇ ಕೇಳಿದವರ ಎಮ್ಮೆಗಳಿಗೂ ಸೂಜಿ ಚುಚ್ಚಿದ್ದೆ. ಮದುವೆಯಾಗಿ ಅಲ್ಲಿನ ಪಿಸ್ಕಾಟವೇ ಎಂಬ ಊರಿಗೆ ಬಂದಾಗ ನನಗೆ ಸಿಕ್ಕಿದ್ದು ಹೆಂಡತಿ ಎಂಬ ಕಾರಣಕ್ಕೆ ಕೊಡುವ ವೀಸಾ. ಅದರಲ್ಲಿ ಕೆಲಸ ಮಾಡುವಂತಿಲ್ಲ. ಗಂಡ ಒಂದು ಟೆಲಿಕಾಂ ಆಫೀಸಿನಲ್ಲಿ ಎರಡು ಸಾವಿರನೇ ಇಸವಿಗೆ ಕಂಪ್ಯೂಟರುಗಳನ್ನು ಸಜ್ಜುಗೊಳಿಸುವ ವೈಟುಕೆ ಗಡಿಬಿಡಿಯಲ್ಲಿ ಮುಳುಗಿದ್ದರು. ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟಗಳಲ್ಲಿ ಸಿಗುವ ಆಂಟಿಯರದು ಒಂದೇ ಮಾತು: "ವೆಟ್ಟಾ? ಇಲ್ಲಿ ಲೈಸೆನ್ಸ್ ಸಿಗೋದು ತುಂಬಾ ಕಷ್ಟಮ್ಮ. ಸಾಫ್ಟ್‌ವೇರ್ ಟೆಸ್ಟಿಂಗ್ ಕಲ್ತುಬಿಡು, ಆರೇ ವಾರ."

ನಾನು ಕಲಿಯಲಿಲ್ಲ.

ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಬೀದಿಯಲ್ಲಿ ಒಬ್ಬ ಮುದುಕರಿದ್ದರು. ಜೀವಮಾನವೆಲ್ಲ ಟೆಲಿಫೋನ್ ಕಂಬ ಹತ್ತಿ ನಿವೃತ್ತರಾದವರು. ಅವರ ಬಳಿ ಕಂದು ಬಣ್ಣದ ಒಂದು ಬೇಟೆನಾಯಿ ಇತ್ತು, ಪಾಯಿಂಟರ್ ಜಾತಿಯದು, ಹೆಣ್ಣು. ಒಂದು ದಿನ ಅದು ತಲೆ ಓರೆ ಮಾಡಿ ಮತ್ತೆ ಮತ್ತೆ ಕೊಡವುವುದನ್ನು ಬೇಲಿಯಾಚೆಯಿಂದ ನೋಡಿ, "ಎಡಗಿವಿಯೊಳಗೆ ಕೀವಾಗಿದೆ" ಎಂದೆ. ಅವರು ನಂಬಲಿಲ್ಲ. ವಾರ ಕಳೆದು ಅವರ ಡಾಕ್ಟರೂ ಅದನ್ನೇ ಹೇಳಿದ ಮೇಲೆ ನನ್ನನ್ನು "ಡಾಕ್" ಎಂದು ಕರೆಯತೊಡಗಿದರು. ಆ ದೇಶದಲ್ಲಿ ನನ್ನನ್ನು ಹಾಗೆ ಕರೆದ ಮೊದಲಿಗರು ಅವರೇ.

ನವೆಂಬರಿನಲ್ಲಿ ಫೆಸೆಂಟ್ ಬೇಟೆಯ ಕಾಲ. ಫೆಸೆಂಟ್ ಎಂದರೆ ನಮ್ಮ ಕಾಡುಕೋಳಿಯಂಥ ಉದ್ದ ಬಾಲದ ಹಕ್ಕಿ. "ನನ್ನ ನಾಯಿ ಕೆಲಸ ಮಾಡೋದನ್ನ ಒಮ್ಮೆ ನೋಡು ಬಾ" ಎಂದು ಮುದುಕರು ಕರೆದರು.

"ಗನ್ ಇರೋ ಕಡೆ ಹೋಗ್ತೀಯಾ? ನಾವು ಮೊಟ್ಟೆ ಕೂಡ ತಿನ್ನಲ್ಲ!" ಎಂದರು ನನ್ನ ಗಂಡ.

"ನಾನು ತಿನ್ನೋಕೆ ಹೋಗ್ತಿಲ್ಲ ರೀ. ನಾಯಿ ನೋಡೋಕೆ ಹೋಗ್ತಿದೀನಿ."

ಶನಿವಾರ ಬೆಳಿಗ್ಗೆ ಮುದುಕರು ಮತ್ತು ಅವರ ಇಬ್ಬರು ಗೆಳೆಯರ ಜೊತೆ ಪಶ್ಚಿಮಕ್ಕೆ ಒಂದು ಗಂಟೆ ಡ್ರೈವ್ ಮಾಡಿಕೊಂಡು ಹೋದೆವು. ಚೂಡಿದಾರದ ಮೇಲೆ ಸ್ವೆಟರು, ಅದರ ಮೇಲೆ, ಬಂದೂಕಿನವರ ಕಣ್ಣಿಗೆ ದೂರದಿಂದಲೇ ಕಾಣಲೆಂದು ಅವರು ಕೊಟ್ಟ ಕಿತ್ತಳೆ ಬಣ್ಣದ ಅಂಗಿ. ಕೊಯ್ಲಾದ ಜೋಳದ ಹೊಲ, ಅಂಚಿನಲ್ಲಿ ಮುಳ್ಳುಪೊದೆ. ನಾಯಿ ಮೂಗನ್ನು ಗಾಳಿಗೆ ಒಡ್ಡಿ ಹಾವಿನಂತೆ ಅತ್ತಿತ್ತ ಹರಿಯುತ್ತಿತ್ತು. ಇದ್ದಕ್ಕಿದ್ದಂತೆ ನಿಂತು, ಮುಂಗಾಲು ಎತ್ತಿ ಕಲ್ಲಾಗುತ್ತಿತ್ತು. ಅಂಥ ಆರೋಗ್ಯವಂತ ಪ್ರಾಣಿಯನ್ನು ನೋಡಿ ಎಷ್ಟು ದಿನವಾಗಿತ್ತು!

ಮೂರನೆಯ ಹಕ್ಕಿ ಹಾರಿದಾಗ ನಾಯಿ ಅದರ ಹಿಂದೆ ಪೊದೆಗೆ ನುಗ್ಗಿತು. ಒಂದೇ ಒಂದು ಕೂಗು ಕೇಳಿಸಿತು. ತೂರಾಡುತ್ತ ಹೊರಬಂದಾಗ ಮುಂಗಾಲಿನ ಹಿಂದೆ, ಎದೆಯಲ್ಲಿ, ಮುರಿದ ಒಣ ಕೊಂಬೆಯೊಂದು ನೆಟ್ಟಿತ್ತು. ಹೆಬ್ಬೆರಳಿನಷ್ಟು ದಪ್ಪ, ಹೊರಗೆ ಕಾಣುತ್ತಿದ್ದುದೇ ಒಂದು ಗೇಣು.

ಮುದುಕರು ಮಂಡಿಯೂರಿ ಕುಳಿತುಬಿಟ್ಟರು. ಗೆಳೆಯರಲ್ಲಿ ದಪ್ಪಗಿದ್ದವರೊಬ್ಬರು ಓಡಿ ಬಂದು ಕೊಂಬೆಗೆ ಕೈ ಹಾಕಿದರು.

"ಎಳೀಬೇಡಿ!" ನನ್ನ ಗಂಟಲಿನಿಂದ ಅಷ್ಟು ದೊಡ್ಡ ದನಿ ಬಂದದ್ದು ನನಗೇ ಹೊಸದು.

"ಪಕ್ಕಕ್ಕೆ ಹೋಗು, ಲೇಡಿ. ನಲವತ್ತು ವರ್ಷದಿಂದ ನಾಯಿ ಸಾಕ್ತಿದೀನಿ."

"ನಾನು ವೆಟ್."

"ಎಲ್ಲಿಯ ವೆಟ್?"

"ಇಂಡಿಯಾದ್ದು. ನಾಯಿಗೆ ಎದೆ ಅಲ್ಲೂ ಇಲ್ಲೂ ಒಂದೇ ಜಾಗದಲ್ಲಿರುತ್ತೆ. ಕೈ ತೆಗೀರಿ!"

ಬಂದೂಕು ಹಿಡಿದ ಆರಡಿ ಆಳು ಕೈ ತೆಗೆದರು.

ಚುಚ್ಚಿದ ಕೊಂಬೆಯೇ ಆ ತೂತಿಗೆ ಬಿರಡೆ. ಎಳೆದರೆ ರಕ್ತ ಚಿಮ್ಮುತ್ತದೆ, ಗಾಳಿ ಒಳನುಗ್ಗಿ ಶ್ವಾಸಕೋಶ ಕುಸಿಯುತ್ತದೆ. ರಕ್ತ ಎಷ್ಟು ಹೋಗಿದೆ ಎಂದು ತಿಳಿಯಲು ನಾಯಿಯ ಒಸಡು ನೋಡಿದೆ, ಒಗೆದ ಬಟ್ಟೆಯಂತೆ ಬಿಳುಚಿತ್ತು. ದುಪ್ಪಟ್ಟಾ ಸುತ್ತಿ ಸಿಂಬೆ ಮಾಡಿದೆ. ಬಿಂದಿಗೆ ಹೊರುವಾಗ ತಲೆಯ ಮೇಲಿಡುತ್ತಾರಲ್ಲ, ಅಂಥದು. ಕೊಂಬೆ ಅಲುಗಾಡದಂತೆ ಅದರ ಸುತ್ತ ಕೂರಿಸಿ, ನನ್ನ ಸ್ವೆಟರು ಬಿಚ್ಚಿ ಅದರಿಂದ ನಾಯಿಯ ಮೈ ಸುತ್ತಿ ಕಟ್ಟಿದೆ. ದಪ್ಪಗಿದ್ದವರು ನಾಯಿಯ ಬಾಯಿ ಕಟ್ಟಲು ಹಗ್ಗ ತೆಗೆದರು. ಉಸಿರಿಗೇ ಒದ್ದಾಡುತ್ತಿರುವ ಪ್ರಾಣಿಯ ಬಾಯಿ ಕಟ್ಟಬಾರದು ಎಂದೆ. ನಾಯಿ ನನ್ನ ಮಣಿಕಟ್ಟನ್ನು ಕಚ್ಚಿತು. ಕಚ್ಚಲಿ ಎಂದುಕೊಂಡೆ; ಕಚ್ಚುವಷ್ಟು ಜೀವ ಉಳಿದಿದೆಯಲ್ಲ.

ಕೋಟಿನ ಮೇಲೆ ಮಲಗಿಸಿ ಮುದುಕರ ಪಿಕಪ್ ಟ್ರಕ್ಕಿನವರೆಗೆ ಹೊತ್ತುಕೊಂಡು ಹೋದೆವು. ಹತ್ತಿರದ ಕ್ಲಿನಿಕ್ಕಿಗೆ ಇಪ್ಪತ್ತು ನಿಮಿಷ. ಅಷ್ಟೂ ಹೊತ್ತು ಹಿಂದಿನ ಸೀಟಿನಲ್ಲಿ ಎರಡೂ ಕೈಯಿಂದ ಆ ಸಿಂಬೆಯನ್ನು ಒತ್ತಿ ಹಿಡಿದಿದ್ದೆ. ಮುದುಕರು ಕನ್ನಡಿಯಲ್ಲಿ ನೋಡುತ್ತ, "ಉಸಿರಾಡ್ತಿದೆಯಾ, ಡಾಕ್?" ಎಂದು ಪ್ರತಿ ಸಿಗ್ನಲ್ಲಿನಲ್ಲೂ ಕೇಳಿದರು.

ಕ್ಲಿನಿಕ್ಕಿನಲ್ಲಿದ್ದ ಯುವ ವೈದ್ಯೆ ಒಮ್ಮೆ ನೋಡಿ, "ಇದನ್ನ ಕಟ್ಟಿದ್ದು ಯಾರು?" ಎಂದರು.

"ನಾನು."

"ಕೈ ಬಿಡಬೇಡಿ. ಹಾಗೇ ಒಳಗೆ ಬನ್ನಿ."

ಅರಿವಳಿಕೆ ಕೊಟ್ಟು ನಾಯಿಗೆ ಮಂಪರು ಬರುವವರೆಗೂ ಹಿಡಿದಿದ್ದೆ. ಅಷ್ಟರಲ್ಲಿ ಕ್ಲಿನಿಕ್ಕಿನ ಯಜಮಾನರು ಬಂದು, ಈ ರಾಜ್ಯದ ಲೈಸೆನ್ಸ್ ಇದೆಯೇ ಎಂದು ನನ್ನನ್ನು ಕೇಳಿದರು. ಇಲ್ಲ ಎಂದೆ. "ಹಾಗಾದರೆ ದಯವಿಟ್ಟು ಹೊರಗಿರಿ" ಎಂದರು. ನಿಯಮದ ಪ್ರಕಾರ ಅವರು ಹೇಳಿದ್ದು ಸರಿ. ಹೊರಗೆ ಬಂದು, ರಕ್ತ ಮೆತ್ತಿದ ಚೂಡಿದಾರದಲ್ಲಿ, ತಲೆ ತಗ್ಗಿಸದೆ ಕುಳಿತೆ. ಎರಡು ಗಂಟೆಯ ನಂತರ ಆ ವೈದ್ಯೆಯೇ ಬಂದು, ಶ್ವಾಸಕೋಶದ ಒಂದು ಅಂಚು ಹೋಯಿತು, ನಾಯಿ ಉಳಿಯಿತು ಎಂದರು. "ಕೊಂಬೆ ಎಳೆದಿದ್ದರೆ ಹೊಲದಲ್ಲೇ ಸಾಯ್ತಿತ್ತು" ಎಂದೂ ಸೇರಿಸಿದರು, ದಪ್ಪಗಿದ್ದವರಿಗೆ ಕೇಳಿಸುವ ಹಾಗೆ. ಹೊರಡುವಾಗ ಹೊರದೇಶದ ವೆಟ್‌ಗಳು ಬರೆಯಬೇಕಾದ ಪರೀಕ್ಷೆಗಳ ವಿವರವನ್ನು ಚೀಟಿಯಲ್ಲಿ ಬರೆದುಕೊಟ್ಟರು.

ನನ್ನ ಕೈಗೂ ಬ್ಯಾಂಡೇಜ್ ಹಾಕಿಸಿಕೊಂಡು ಮನೆಗೆ ಬಂದೆ. ಗಂಡನ ಮುಖ ಬಿಳಿಚಿಕೊಂಡಿತು.

"ಯಾರಾದ್ರೂ ಕಂಪ್ಲೇಂಟ್ ಕೊಟ್ರೆ? ವೀಸಾ ಏನಾಗುತ್ತೆ ಗೊತ್ತಾ?"

"ಕೊಡ್ಲಿ. ಸಾಯ್ತಿದ್ದ ನಾಯೀನ ಹಿಡ್ಕೊಂಡಿದ್ದೆ ಅಂತ ಹೇಳ್ತೀನಿ. ಅದಕ್ಕೆ ಯಾವ ವೀಸಾ ಬೇಕು?"

ಅವರು ನನ್ನ ಚೂಡಿದಾರವನ್ನು ಬಕೆಟ್ಟಿನಲ್ಲಿ ತಣ್ಣೀರಿಗೆ ಹಾಕಿ, ರಕ್ತದ ಕಲೆ ಉಜ್ಜುತ್ತ ಕುಳಿತರು.

ಮುಂದಿನ ಶನಿವಾರವೂ ಬೇಟೆಗಾರರ ಜೊತೆ ಹೋದೆ. ಅದರ ಮುಂದಿನ ಶನಿವಾರವೂ. ಹೆಗಲಿಗೆ ಒಂದು ಚೀಲ: ಹತ್ತಿ, ಪಟ್ಟಿ, ಥರ್ಮಾಮೀಟರ್, ಸಕ್ಕರೆ ಪಾಕದ ಸೀಸೆ. ಖಾಲಿ ಹೊಟ್ಟೆಯಲ್ಲಿ ಮೂರು ಗಂಟೆ ಓಡಿದ ನಾಯಿಯೊಂದು ಫಿಟ್ಸ್ ಬಂದಂತೆ ಬಿದ್ದಾಗ ಅದರ ಒಸಡಿಗೆ ಆ ಪಾಕ ತಿಕ್ಕಿದೆ. ಹತ್ತು ನಿಮಿಷದಲ್ಲಿ ಎದ್ದು ನಿಂತಿತು. ಅದು ದಪ್ಪಗಿದ್ದವರ ನಾಯಿ. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಮುದುಕರ ನಾಯಿಯನ್ನು ಇನ್ನು ಓಡಿಸಬೇಡಿ ಎಂದು ಎಲ್ಲರೂ, ನಾನೂ ಸಹ, ಹೇಳಿದ್ದೆವು. ಮರುವರ್ಷ ಅದು ಟ್ರಕ್ಕಿನ ಬಾಗಿಲು ತೆರೆದದ್ದೇ ತಡ, ಯಾರನ್ನೂ ಕೇಳದೆ ಹಾರಿ ಹೊಲಕ್ಕಿಳಿಯಿತು.

ಪರೀಕ್ಷೆ ಮಾತ್ರ ಅಷ್ಟು ಸುಲಭವಾಗಿರಲಿಲ್ಲ. ಎರಡು ಸಲ ಪ್ರಾಕ್ಟಿಕಲ್‌ನಲ್ಲಿ ಫೇಲಾದೆ. ಎರಡನೆಯ ಸಲ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ, ಮುಖ ತೊಳೆದು ಬಂದು ಮೂರನೆಯದಕ್ಕೆ ಅರ್ಜಿ ತುಂಬಿದೆ. ಪಾಸಾದಾಗ ನನಗೆ ನಲವತ್ತಕ್ಕೆ ಎರಡು ವರ್ಷ ಕಡಿಮೆ; ಅಷ್ಟರಲ್ಲಿ ಗ್ರೀನ್ ಕಾರ್ಡ್ ಬಂದು ಕೆಲಸ ಮಾಡುವ ಹಕ್ಕೂ ಸಿಕ್ಕಿತ್ತು. ಈಗ ಮನ್ರೋ ಎಂಬ ಊರಿನ ಹತ್ತಿರದ ಕ್ಲಿನಿಕ್ಕೊಂದರಲ್ಲಿ ಕೆಲಸ ಮಾಡುತ್ತೇನೆ. ಲೈಸೆನ್ಸಿಲ್ಲದ ಹೊಸಬರು ಯಾರಾದರೂ ಗಾಯಗೊಂಡ ಪ್ರಾಣಿಯನ್ನು ಹಿಡಿದುಕೊಂಡು ಬಂದರೆ, ಅವರನ್ನು ನಾನು ಹೊರಗೆ ಕಳಿಸುವುದಿಲ್ಲ. ಪಕ್ಕದಲ್ಲೇ ನಿಲ್ಲಿಸಿಕೊಳ್ಳುತ್ತೇನೆ.