ಸೂಜಿಯಮ್ಮ ನಾಣ್ಯ ಹಿಡಿಯಲು ಕಲಿತದ್ದು

ಸೂಜಿಯಮ್ಮನನ್ನು ಕಂಡರೆ ಬೀದಿಯ ಮಕ್ಕಳು ಈಗಲೂ ತೋಳು ಮುಚ್ಚಿಕೊಳ್ಳುತ್ತವೆ. ಆಸ್ಪತ್ರೆಯ ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಹೆಸರು ಹಾಗೇ ಉಳಿದುಬಿಟ್ಟಿದೆ. ರಕ್ತಪರೀಕ್ಷೆಯ ಕೋಣೆಯಲ್ಲಿ ಕೂತು ಇಡೀ ಊರಿನ ತೋಳುಗಳನ್ನು ನೋಡಿದವಳು ಆಕೆ. ಮುದುಕರ ಕೈಯಲ್ಲಿ ರಕ್ತನಾಳ ಸಿಗದೆ ಉಳಿದವರು ಕೈಚೆಲ್ಲಿ ಕೂತಾಗ, “ಸೂಜಿಯಮ್ಮನ್ನ ಕರೀರಿ” ಎನ್ನುತ್ತಿದ್ದರು. ಆಕೆ ಬಂದು, ಮೊಮ್ಮಕ್ಕಳೆಷ್ಟು, ನಿದ್ದೆ ಹೇಗೆ ಎಂದು ವಿಚಾರಿಸುತ್ತ ಬೆರಳ ತುದಿಯಿಂದ ಚರ್ಮ ತಡವುತ್ತಿದ್ದಳು. ಮಾತು ಮುಗಿಯುವಷ್ಟರಲ್ಲಿ ಹತ್ತಿ ಒತ್ತಿ ಆಗಿರುತ್ತಿತ್ತು. “ಅಯ್ಯೋ, ಆಗೇ ಹೋಯ್ತಾ?” ಎಂದು ರೋಗಿಗಳು ಮೋಸ ಹೋದವರ ಹಾಗೆ ಕೇಳುತ್ತಿದ್ದರು. ಕೈಗುಣ ಅಂದರೆ ಅದು.

ಅಂಥ ಕೈಗೆ ಸ್ವಂತ ಮನೆಯಲ್ಲೇ ಒಂದು ವಸ್ತುವನ್ನು ಮುಟ್ಟುವ ಅಧಿಕಾರವಿರಲಿಲ್ಲ. ಅದು ಗಂಡನ ನಾಣ್ಯದ ಪೆಟ್ಟಿಗೆ.

ಯಜಮಾನರದು ಕನ್ನಡಕದ ಅಂಗಡಿ. ಎಳ್ಳಿನಷ್ಟು ಸ್ಕ್ರೂಗಳನ್ನು ಕೂರಿಸುವ ಕೆಲಸ, ಬಿಡುವಾದರೆ ಭೂತಗನ್ನಡಿ ಹಿಡಿದು ಹಳೇ ತಾಮ್ರದ ನಾಣ್ಯ ನೋಡುವ ಹುಚ್ಚು. ಮದುವೆಯಾದ ಹೊಸದರಲ್ಲಿ ಗಂಡನನ್ನು ಖುಷಿಪಡಿಸೋಣವೆಂದು ಆಕೆ ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ನಿಂಬೆಹಣ್ಣು, ಉಪ್ಪು ಹಾಕಿ ತಿಕ್ಕಿ, ಟವೆಲಿನ ಮೇಲೆ ಸಾಲಾಗಿ ಜೋಡಿಸಿ ಕಾದಿದ್ದಳು. ಅಂಗಡಿಯಿಂದ ಬಂದವರು ಆ ಫಳಫಳ ಸಾಲನ್ನು ನೋಡಿ ಚಪ್ಪಲಿ ಬಿಡುವುದನ್ನೂ ಮರೆತು ನಿಂತರು.

“ಆ ಕಂದು ಬಣ್ಣ ಕೊಳೆಯಲ್ಲ ಕಣೇ. ಅದು ನಾಣ್ಯದ ವಯಸ್ಸು. ಅಷ್ಟೂ ವಯಸ್ಸನ್ನ ತೊಳೆದುಬಿಟ್ಯಲ್ಲೇ!”

“ನಿಂಬೆಹಣ್ಣಲ್ಲಿ ವಯಸ್ಸು ಹೋಗುತ್ತೆ ಅಂತ ಗೊತ್ತಿದ್ದಿದ್ರೆ ನಾನೂ ಮುಖ ತೊಳ್ಕೋತಿದ್ದೆ ರೀ.”

ಯಜಮಾನರು ನಗಲಿಲ್ಲ. ಮಾರನೆಯ ದಿನವೇ ಪೆಟ್ಟಿಗೆಗೆ ಬೀಗ ಬಿತ್ತು. ಸೂಜಿಯಮ್ಮನೂ ಹಟದಲ್ಲಿ ಕಡಿಮೆಯಿಲ್ಲ. ಪೆಟ್ಟಿಗೆಗೆ ‘ಸವತಿ’ ಎಂದು ಹೆಸರಿಟ್ಟಳು. ಕಪಾಟು ಒರೆಸುವಾಗ ಅದರ ಸುತ್ತಲೂ ಒರೆಸಿ, ಅದನ್ನು ಮಾತ್ರ ಧೂಳು ತಿನ್ನಲು ಬಿಟ್ಟಳು. ಮಗಳು ಹುಟ್ಟಿ, ಬೆಳೆದು, ಅಪ್ಪನ ಅಂಗಡಿಯಲ್ಲಿ ಕೂರುವಂತಾದರೂ ಈ ಏರ್ಪಾಡು ಬದಲಾಗಲಿಲ್ಲ.

ಆಮೇಲೆ ಕೂಡಿಸಿದ ನಾಣ್ಯಗಳಲ್ಲಿ ಯಜಮಾನರ ಜೀವ ಇದ್ದದ್ದು ಒಂದರಲ್ಲಿ. ಹಾರುವ ಕೊಕ್ಕರೆಯ ಚಿತ್ರವಿರುವ ತಾಮ್ರದ ನಾಣ್ಯ. ಅದರ ಅಂಚಿನಿಂದ ಕೊಕ್ಕರೆಯ ರೆಕ್ಕೆಯವರೆಗೆ ಕೂದಲೆಳೆಯಂಥ ಒಂದು ಉಬ್ಬುಗೆರೆ. ನಾಣ್ಯ ಒಡೆದದ್ದಲ್ಲ, ಅದನ್ನು ಒತ್ತಿದ ಅಚ್ಚು ಬಿರುಕು ಬಿಟ್ಟಿತ್ತು, ಆ ಬಿರುಕಿನ ಗುರುತು ಅದು. ಬಿರುಕು ಇನ್ನೂ ಚಿಕ್ಕದಾಗಿದ್ದಾಗ ಅದೇ ಅಚ್ಚಿನಿಂದ ಹೊರಬಿದ್ದ ಇನ್ನೊಂದು ನಾಣ್ಯ ಎಲ್ಲೋ ಇರಲೇಬೇಕು, ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೇ ಒಂದು ಸಲ ನೋಡಬೇಕು ಎನ್ನುವುದು ಅವರ ಆಸೆ. ಕೊಳ್ಳುವ ಮಾತಿಲ್ಲ, ನೋಡಿದರೆ ಸಾಕು.

ಈ ವರ್ಷ ದೂರದ ಊರಿನ ನಾಣ್ಯದ ವ್ಯಾಪಾರಿಯೊಬ್ಬ ಫೋನು ಮಾಡಿದ. ಅಂಥದ್ದು ಸಿಕ್ಕಿದೆ, ದೊಡ್ಡ ನಾಣ್ಯಮೇಳಕ್ಕೆ ತರುತ್ತೇನೆ, ನಿಮ್ಮದನ್ನೂ ತನ್ನಿ, ಮೇಳ ಮುಗಿದರೆ ಅದು ಯಾರ ಪಾಲಾಗುತ್ತದೋ ಗೊತ್ತಿಲ್ಲ ಎಂದ. ಮೊದಲಾಗಿದ್ದರೆ ಯಜಮಾನರು ಕುಣಿದಾಡಿಬಿಡುತ್ತಿದ್ದರು. ಈಗ “ನೋಡೋಣ” ಎಂದು ಫೋನಿಟ್ಟರು. ಆ ‘ನೋಡೋಣ’ದ ಅರ್ಥ ಹೆಂಡತಿಗೆ ಚೆನ್ನಾಗಿ ಗೊತ್ತಿತ್ತು.

ಕೆಲವು ವರ್ಷಗಳಿಂದ ಅವರ ಕೈ ನಡುಗುತ್ತಿತ್ತು. ಸ್ಕ್ರೂ ಕೂರಿಸುವ ಕೆಲಸ ಮಗಳ ಪಾಲಾಯಿತು. ಪುಣ್ಯಾತ್ಮ ಅದನ್ನೂ ಹೊಟ್ಟೆಗೆ ಹಾಕಿಕೊಂಡರು. ಆದರೆ ನಾಣ್ಯದ ಗೆಳೆಯರ ಕೂಟದಲ್ಲಿ ಒಬ್ಬರ ಬೆಳ್ಳಿ ನಾಣ್ಯ ಅವರ ಬೆರಳಿಂದ ಜಾರಿ ಕಲ್ಲಿನ ನೆಲಕ್ಕೆ ಬಿದ್ದು ಅಂಚು ನೆಗ್ಗಿತು. ಆ ಜನರಲ್ಲಿ ಒಂದು ಕಟ್ಟುನಿಟ್ಟಿದೆ: ನಾಣ್ಯವನ್ನು ಕೈಯಿಂದ ಕೈಗೆ ಕೊಡುವಂತಿಲ್ಲ. ಒಬ್ಬರು ಮಖಮಲ್ ಬಟ್ಟೆಯ ಮೇಲೆ ಇಡಬೇಕು, ಇನ್ನೊಬ್ಬರು ಅಂಚು ಹಿಡಿದು ಎತ್ತಿಕೊಳ್ಳಬೇಕು. ನಡುವೆ ಬಿದ್ದರೆ ನಿನ್ನಿಂದ ಬಿತ್ತು, ನನ್ನಿಂದ ಬಿತ್ತು ಎಂಬ ಜಗಳವೇ ಬೇಡ ಅಂತ. ಆವತ್ತು ಯಾರಿಂದ ಬಿತ್ತು ಎನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ನಾಣ್ಯದ ಒಡೆಯರು ಅದನ್ನೆತ್ತಿ ಬಟ್ಟೆಯಲ್ಲಿ ಸುತ್ತಿ ಜೇಬಿಗಿಟ್ಟುಕೊಂಡರು. ಬೈದಿದ್ದರೇ ಚೆನ್ನಾಗಿತ್ತು. ಮುಂದಿನ ಕೂಟದಲ್ಲಿ ಯಜಮಾನರು ಹತ್ತಿರ ಬಂದ ಹಾಗೆ ಎಲ್ಲರೂ ತಮ್ಮ ತಮ್ಮ ನಾಣ್ಯದ ತಟ್ಟೆಗಳನ್ನು ನಯವಾಗಿ ತಮ್ಮ ಕಡೆಗೆ ಎಳೆದುಕೊಂಡರು. ಮನೆಗೆ ಬಂದು ಇಷ್ಟನ್ನು ಹೇಳಿದವರು ಮತ್ತೆ ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ಪೆಟ್ಟಿಗೆಯ ಬೀಗವನ್ನೂ ತೆಗೆಯಲಿಲ್ಲ. ಸವತಿಯ ಕಾಟ ತಪ್ಪಿತೆಂದು ಸೂಜಿಯಮ್ಮ ಹಿಗ್ಗಬೇಕಿತ್ತು. ಹಿಗ್ಗಲು ಆಗಲಿಲ್ಲ. ಗಂಡ ಕರೆದರೆ ಊಟಕ್ಕೆ ಬರುತ್ತಿದ್ದರು, ಕರೆಯದಿದ್ದರೆ ಕೂತಲ್ಲೇ ಕೂತಿರುತ್ತಿದ್ದರು. ಈ ಮೇಳವೂ ತಪ್ಪಿದರೆ ಈ ಮನುಷ್ಯ ಇನ್ನೆಂದೂ ಪೆಟ್ಟಿಗೆ ತೆರೆಯುವುದಿಲ್ಲ ಎಂದು ಆಕೆಗೆ ಖಾತ್ರಿಯಾಯಿತು.

ಮಾರನೆಯ ಬೆಳಿಗ್ಗೆ ಆಕೆ ಸೀದಾ ಅಂಗಡಿಗೆ ಹೋಗಿ ಮಗಳ ಎದುರು ಕೂತಳು. ಮಗಳು ಮೇಳದ ನಕ್ಷೆಯನ್ನು ಫೋನಿನಲ್ಲಿ ತೆಗೆದು ತೋರಿಸಿದಳು. ರೈಲಿನ ಶೆಡ್ಡಿನಂಥ ಸಭಾಂಗಣ, ಸಾಲು ಸಾಲು ಮೇಜು. ಆ ವ್ಯಾಪಾರಿಯ ಮೇಜು ಕಟ್ಟಕಡೆಯ ಮೂಲೆಯಲ್ಲಿ.

“ಅಪ್ಪ ಅಷ್ಟು ದೂರ ನಡೀತಾರಾ ಅಮ್ಮ?”

“ಮುಂದಿನ ಬಾಗಿಲು ಬೇಡ. ಸಾಮಾನು ಇಳಿಸೋ ಹಿಂದಿನ ಬಾಗಿಲಿದೆ ನೋಡು, ಅಲ್ಲಿ ಬಿಡ್ತಾರಾ ಕೇಳು. ತಿಂಡಿ ತಿಂದು ಮಾತ್ರೆ ತಗೊಂಡ ಮೇಲೆ ಸ್ವಲ್ಪ ಹೊತ್ತು ಭೂತಗನ್ನಡಿ ಹಿಡಿಯೋಷ್ಟು ಕೈ ಹೇಳಿದ ಮಾತು ಕೇಳುತ್ತೆ. ಅಷ್ಟರೊಳಗೆ ಮೇಜಿನ ಮುಂದೆ ಇರಬೇಕು. ಬೆನ್ನು ಒರಗಿಸೋ ಕುರ್ಚಿ ಬೇಕು. ದೀಪ ನಮ್ಮದೇ ತಗೊಂಡು ಹೋಗೋಣ.”

“ಅಮ್ಮ, ಇದು ನಾಣ್ಯ ನೋಡೋದಾ, ಆಪರೇಷನ್ನಾ?”

“ಎರಡೂ ಒಂದೇ ಕಣೇ. ಅವರು ನೋಡ್ತಾರೆ, ಹಿಡ್ಕೊಳ್ಳೋದು ನಾನು.”

ಮಗಳು ಫೋನನ್ನು ಮೇಜಿನ ಮೇಲಿಟ್ಟು ಅಮ್ಮನ ಮುಖ ನೋಡಿದಳು. ಮನೆಯ ಸವತಿ ಪುರಾಣ ಆಕೆಗೂ ಗೊತ್ತಿತ್ತಲ್ಲ.

ಸೂಜಿಯಮ್ಮ ಹಳೇ ಕೋಟಿನ ಹಿತ್ತಾಳೆ ಗುಂಡಿಗಳನ್ನು ಕತ್ತರಿಸಿಕೊಂಡಳು. ಯಜಮಾನರು ಮಧ್ಯಾಹ್ನ ಮಲಗಿದಾಗ ಕಿಟಕಿಯ ಬಳಿ ಬಟ್ಟೆ ಹಾಸಿ, ಗುಂಡಿಯನ್ನು ಅಂಚು ಹಿಡಿದು ಎತ್ತಿ, ಬೆಳಕಿಗೆ ಓರೆ ಮಾಡಿ, ಮತ್ತೆ ಇಡುವುದನ್ನು ಕಲಿಯತೊಡಗಿದಳು. ಸುಲಭವೆಂದುಕೊಂಡಿದ್ದಳು, ಸುಲಭವಾಗಲಿಲ್ಲ. ಕೈ ನಡುಗುವ ತೊಂದರೆಯಲ್ಲ, ಆ ಕೈ ಬಂಡೆ. ತೊಂದರೆ ಬೇರೆಯೇ. ಜೀವಮಾನವೆಲ್ಲ ಬೆರಳ ತುದಿಯಿಂದ ತಡವಿ ನಾಳ ಹುಡುಕಿದವಳು ಆಕೆ. ನಾಣ್ಯದ ಮುಖವನ್ನು ಬೆರಳು ತಾಕಲೇಬಾರದು. ಆಕೆಯ ಬೆರಳೋ, ಗುಂಡಿ ಎತ್ತಿದ ಕೂಡಲೇ ಅದರ ಮುಖ ಸವರಲು ಓಡುತ್ತಿತ್ತು. “ಸುಮ್ನಿರು, ಇದಕ್ಕೆ ಜ್ವರ ಬಂದಿಲ್ಲ” ಎಂದು ಬೆರಳಿಗೇ ಗದರುತ್ತಿದ್ದಳು. ಅನ್ನ ತಂದ ಅಭ್ಯಾಸವನ್ನು ಈ ವಯಸ್ಸಿನಲ್ಲಿ ಬಿಡುವುದು ಎಷ್ಟು ಕಷ್ಟ ಎಂದು ಯಾರನ್ನಾದರೂ ಕೇಳಿ. ಆಕೆ ದಿನಾ ಗುಂಡಿ ಹಿಡಿದಳು. ಬೆರಳು ಬುದ್ಧಿ ಕಲಿಯಿತು.

ಒಂದು ಮಧ್ಯಾಹ್ನ ಯಜಮಾನರಿಗೆ ನಿದ್ದೆ ಬೇಗ ಬಿಟ್ಟಿತು. ಬಾಗಿಲಲ್ಲಿ ಬಂದು ನಿಂತರು.

“ಏನೇ ಮಾಡ್ತಿದೀಯ?”

“ಕಾಣ್ಸಲ್ವಾ? ಗುಂಡಿ ನೋಡ್ತಿದೀನಿ.”

ಅವರು ಹತ್ತಿರ ಬಂದು ಬಗ್ಗಿದರು. ಹಾಸಿದ ಬಟ್ಟೆ, ಓರೆ ಮಾಡಿದ ಗುಂಡಿ, ಅಂಚಿನಲ್ಲಿ ನಿಂತ ಎರಡು ಬೆರಳು. ಅವರಿಗೆ ಎಲ್ಲವೂ ಅರ್ಥವಾಯಿತು.

“ನಾನು ಬರಲ್ಲ ಅಂತ ಮನಸ್ಸಲ್ಲೇ ತೀರ್ಮಾನ ಮಾಡ್ಬಿಟ್ಟಿದ್ದೆ,” ಎಂದರು.

“ಗೊತ್ತು. ಅದಕ್ಕೇ ನಿಮ್ಮನ್ನ ಕೇಳದೆ ಟಿಕೆಟ್ ತೆಗೆಸಿದ್ದು.”

“ಅಷ್ಟು ಜನರ ಮುಂದೆ ನೀನು ಬೀಳಿಸಿಬಿಟ್ರೆ?”

“ಬೈತಾರೆ. ನನ್ನನ್ನ ಬೈತಾ ಬೈತಾನೇ ಊರೆಲ್ಲ ರಕ್ತ ಕೊಟ್ಟಿದ್ದು.”

ಯಜಮಾನರು ಒಳಗೆ ಹೋದರು. ಸಿಟ್ಟಾದರೇನೋ ಎಂದು ಸೂಜಿಯಮ್ಮ ಕಿವಿಗೊಟ್ಟಳು. ಕಪಾಟು ತೆರೆದ ಸದ್ದು, ಆಮೇಲೆ ಬೀಗದ ಜೊತೆ ಬಹಳ ಹೊತ್ತು ಗುದ್ದಾಡಿದ ಸದ್ದು. ಹೋಗಿ ತೆಗೆದುಕೊಡೋಣ ಎನಿಸಿತು, ಹೋಗಲಿಲ್ಲ. ಅವರು ಹೊರಬಂದಾಗ ನಡುಗುವ ಬೆರಳುಗಳ ನಡುವೆ ಕೊಕ್ಕರೆಯ ನಾಣ್ಯವಿತ್ತು.

“ಗುಂಡಿಯ ತೂಕವೇ ಬೇರೆ, ಇದರ ತೂಕವೇ ಬೇರೆ. ಕಲಿಯೋದಾದ್ರೆ ಇದ್ರಲ್ಲಿ ಕಲಿ.”

ಸೂಜಿಯಮ್ಮ ಬಟ್ಟೆಯನ್ನು ಅವರ ಕಡೆಗೆ ಸರಿಸಿ, ಸುಕ್ಕು ಬಿಡಿಸಿ, ಕೈ ಹಿಂದಕ್ಕೆಳೆದುಕೊಂಡಳು. ಅವರು ಬಟ್ಟೆಯನ್ನು ನೋಡಿದರು, ನಾಣ್ಯ ಇಡಲಿಲ್ಲ. ಕೈಯನ್ನು ಆಕೆಯ ಕಡೆಗೇ ಚಾಚಿದರು.

“ಬಟ್ಟೆ ಮೇಲಿಡ್ರೀ. ಕೈಯಿಂದ ಕೈಗೆ ಕೊಡಬಾರದು ಅಂತ ನೀವೇ ಹೇಳ್ತಿದ್ರಿ.”

“ಅದು ಹೊರಗಿನವರಿಗೆ ಕಣೇ. ಹಿಡ್ಕೋ.”

ಇಷ್ಟು ವರ್ಷ ಆ ಪೆಟ್ಟಿಗೆಗೆ ಹೊರಗಿನವಳಾಗಿಯೇ ಇದ್ದವಳು ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ, ಹೆದರಿ ಬಂದ ರೋಗಿಯ ಮಣಿಕಟ್ಟನ್ನು ಹಿಡಿಯುತ್ತಿದ್ದ ಹಾಗೆಯೇ, ಎಡಗೈಯನ್ನು ಅವರ ಮಣಿಕಟ್ಟಿನ ಕೆಳಗಿಟ್ಟು, ಬಲಗೈಯಿಂದ ನಾಣ್ಯದ ಅಂಚು ಹಿಡಿದು ತೆಗೆದುಕೊಂಡಳು.

“ತೊಳೀಬೇಡ ಮತ್ತೆ,” ಎಂದರು ಯಜಮಾನರು.