ಜೈನಬಿ, ನಿನ್ನಪ್ಪ ನಮ್ಮ ಬಾಗಿಲಿಗೆ ಬಂದಿದ್ದರು

ಬಂದಿದ್ದರು, ಜೈನಬಿ. ನಿನ್ನಪ್ಪ ಭಾಲ್ಕಿಯ ನಮ್ಮ ಮನೆಗೆ ಬಂದಿದ್ದರು. ಬಂದೇ ಇಲ್ಲ ಎಂದು ನಿನ್ನವ್ವನಿಗೆ ನಾನು ಹೇಳಿದ್ದು ಸುಳ್ಳು. ಒಂದು ಸಲ ಅಲ್ಲ, ಆಕೆ ಎಷ್ಟು ಸಲ ಕೇಳಿದಳೋ ಅಷ್ಟು ಸಲ ಹೇಳಿದೆ. ನನ್ನ ಮಾತು ನಂಬಿ ಆಕೆ ಔರಾದಿನ ದಾರಿಯಲ್ಲಿ ಗಂಡನನ್ನು ಹುಡುಕಿದಳು. ಹುಡುಕುತ್ತಲೇ ಮುದುಕಿಯಾದಳು, ಸತ್ತಳು. ನಿನ್ನಪ್ಪ ಆ ದಾರಿ ತುಳಿದೇ ಇರಲಿಲ್ಲ.

ಇದನ್ನು ಓದುವ ಉಳಿದವರಿಗೆ ನಾನು ಯಾರೆಂದು ಹೇಳಬೇಕಲ್ಲ. ಬರುವ ತಿಂಗಳು ಬೀದರದಲ್ಲಿ ಐದು ಸಂಜೆ ಸಂಗೀತ ಕಛೇರಿ ಇದೆ. ಧಾರವಾಡದಿಂದ, ಪುಣೆಯಿಂದ ಹಾಡುವವರು ಬರುತ್ತಾರಂತೆ. ಗೋಡೆ ಗೋಡೆಗೂ ಕಾಗದ ಅಂಟಿಸಿದ್ದಾರೆ. ಅದರ ನಡುವೆ ಹಾರ ಹಾಕಿದ ದೊಡ್ಡ ಮುಖ ಇದೆಯಲ್ಲ, ಅವರು ನನ್ನ ಗಂಡ. ಅವರ ನೆನಪಿಗೇ ಈ ಕಛೇರಿ. ಮುಖದ ಕೆಳಗೆ ಬರೆದಿದ್ದಾರೆ — ಗುರುವಿಲ್ಲದೆ ದೈವಕೃಪೆಯಿಂದ ಹಾಡಿದ ಸ್ವಯಂಸಾಧಕರು.

ಅದನ್ನು ಓದಿದ ದಿನ ಉಂಡ ಅನ್ನ ಮೈಗೆ ಹತ್ತಲಿಲ್ಲ.

ಕಛೇರಿ ಮಾಡುವ ಹುಡುಗರು ಮನೆಗೆ ಬಂದರು. ಪುಸ್ತಕ ತರುತ್ತೇವೆ, ನೀವೂ ನಾಲ್ಕು ಮಾತು ಬರೆದುಕೊಡಿ ಎಂದರು. ಮೊದಲ ಸಂಜೆ ಕುರ್ಚಿ ಹಾಕಿ ಶಾಲು ಹೊದಿಸುತ್ತಾರಂತೆ. ನಾನು ಕೇಳಿದೆ, "ಗುರುವಿಲ್ಲದೆ ಅಂತ ಹಾಕೀರಿ. ಅವರೇನು ಗಿಡದಾಗ ಹಣ್ಣಾಗಿ ಉದುರಿದ್ರೇನೋ ತಮ್ಮಾ?"

ಒಬ್ಬ ನಕ್ಕ. ಇನ್ನೊಬ್ಬ ನಗಲಿಲ್ಲ. "ಆಯಿ, ಗುರು ಸಾಬರು ಇದ್ರಂತ ನಮಗೂ ಗೊತ್ತದರಿ. ಆದ್ರ ಈಗಿನ ಹವಾ ಛಲೋ ಇಲ್ರಿ. ಸುಮ್ನ ಯಾಕ ತಕರಾರು? ನೀವು ಅಜ್ಜಾರಿಗಿ ಏನು ಉಣ್ಣಾಕ ಸೇರತಿತ್ತು, ಅದನ್ನ ಬರೀರಿ."

ಅವನ ಕಪಾಳಕ್ಕೆ ಕೊಡಬೇಕೆನಿಸಿತು. ಆದರೆ ಕೈ ಎತ್ತಲು ನನಗೆ ಯಾವ ಮೋರೆ? ಆ ಹುಡುಗ ಮಾಡಿದ್ದು ಈಗ, ಕಾಗದದ ಮೇಲೆ. ನಾನು ಮಾಡಿದ್ದು ಬಾಗಿಲಲ್ಲಿ, ಜೀವಂತ ಮನುಷ್ಯನ ಎದುರಿಗೆ. ಅಕ್ಷರ ನಾನು ವಯಸ್ಸಾದ ಮೇಲೆ ಮೊಮ್ಮಗಳ ಜೊತೆ ಕಲಿತವಳು. ತಿದ್ದಬೇಡ ಎಂದು ಅವಳಿಗೆ ಹೇಳಿ ಇದನ್ನು ಬರೆಯುತ್ತಿದ್ದೇನೆ. ಅಜ್ಜನಿಗೆ ಏನು ಸೇರುತ್ತಿತ್ತು ಎಂಬುದು ಅಲ್ಲೇ ಇರಲಿ.

ಜೈನಬಿ, ನಿನ್ನಪ್ಪ ಮದಾರಸಾಬರು ನನ್ನ ಗಂಡನಿಗೆ ಸಾ ಹಿಡಿಯುವುದರಿಂದ ಕಲಿಸಿದವರು. ಮೊದಲ ಸಂಜೆ ಹಾಡುತ್ತಾರಂತಲ್ಲ ಮುಲ್ತಾನಿ ರಾಗದ ಚೀಜು, ಆ ಹಾಡೂ ನಿನ್ನಪ್ಪ ಕಟ್ಟಿದ್ದು. ಕಲಿಸಿದ್ದಷ್ಟೇ ಅಲ್ಲ. ನಿಜಾಮನ ಕಡೆಯ ರಜಾಕಾರರು ಹಳ್ಳಿ ಹಳ್ಳಿಯ ಹುಡುಗರನ್ನು ಹಿಡಿದು ಒಯ್ಯುವಾಗ ಬೀದರದ ನಿಮ್ಮ ಮನೆಯಲ್ಲಿ ಇವರನ್ನು ಇಟ್ಟುಕೊಂಡು, ಕೇಳಿದವರಿಗೆಲ್ಲ "ಇವ ನನ್ನ ಮಗ" ಎಂದವರು. ತಲೆಗೆ ಟೋಪಿ ಹಾಕಿಸಿ ಜೀವ ಉಳಿಸಿದರು. ಆಗ ನಾನು ಹೊಸದಾಗಿ ಮದುವೆಯಾದ ಹುಡುಗಿ. ಕುಂಕುಮ ಉಳಿಯಿತಲ್ಲ ಎಂದು ನಿನ್ನವ್ವನ ಕಾಲಿಗೆ ಬಿದ್ದಿದ್ದೆ.

ಹಾಡುವವರ ಮನೆಯಲ್ಲಿ ಒಂದು ಪದ್ಧತಿ ಇದೆ. ಗುರುವಿನ ಹೆಸರು ಬಾಯಿಗೆ ಬಂದರೆ ಕೈ ಕಿವಿಗೆ ಹೋಗಬೇಕು. ಇಂಥ ದೊಡ್ಡವರ ಹೆಸರು ಹೇಳಿದ ತಪ್ಪು ಕ್ಷಮಿಸಿ ಎಂದು ಕಿವಿ ಮುಟ್ಟಿಕೊಳ್ಳಬೇಕು. ನನ್ನ ಗಂಡ ಮಾಡುವುದನ್ನು ನೋಡಿ ನೋಡಿ, ಹಿಟ್ಟು ನಾದುವ ನನಗೂ ಅದು ಅಂಟಿತ್ತು.

ಪೊಲೀಸ್ ಆಕ್ಷನ್ ಆಯಿತು. ಮಿಲಿಟರಿ ಬಂತು, ನಿಜಾಮ ಸೋತ, ರಜಾಕಾರರು ಓಡಿಹೋದರು. ಒಳ್ಳೆಯದಾಯಿತು ಎಂದೆವು. ಆದರೆ ಸಿಟ್ಟು ಓಡಿಹೋದವರ ಬೆನ್ನು ಹತ್ತಲಿಲ್ಲ, ಉಳಿದವರ ಮೇಲೆ ಬಿತ್ತು. ರಜಾಯಿ ಹೊಲಿಯುವವನು, ಬಳೆ ಮಾರುವವನು, ಹಾಡು ಕಲಿಸುವವನು — ಇವರೇನು ಮಾಡಿದ್ದರು? ಕೇಳುವವರು ಯಾರಿದ್ದರು?

ಅದು ಪಿತೃಪಕ್ಷ. ಹಿರಿಯರಿಗೆ ಎಡೆ ಇಡಲೆಂದು ಹೂರಣ ರುಬ್ಬುತ್ತಿದ್ದೆ. ಬಾಗಿಲು ಸಪ್ಪಳವಾಯಿತು. ತೆರೆದರೆ ನಿನ್ನಪ್ಪ. ಗಂಟಲಿಗೆ ಯಾವಾಗಲೂ ಸುತ್ತುವ ಬಟ್ಟೆ ಸುತ್ತಿದ್ದರು, ಮೊಳಕಾಲ ತನಕ ಕೆಸರು.

"ಒಳಗ ಅದಾನೇನು ಬೇಟಿ? ನಮ್ಮೋರನ್ನ ಬೀದರದಾಗ ಬಿಟ್ಟು ಬಂದೀನಿ. ನಾಕು ದಿನ ಜಾಗಾ ಕೊಟ್ರ ಕರ್ಕೊಂಡು ಬರ್ತೇನಿ."

ನಾನು ಬಾಯಿ ತೆರೆಯುವುದರೊಳಗೆ ಓಣಿಯ ತಿರುವಿನಿಂದ ಗಂಡಸರ ಗುಂಪು ಬಂತು. ಕೆಲವರು ಊರವರು, ಕೆಲವರು ಹೊರಗಿನವರು. ಕೈಯಲ್ಲಿ ಕೊಡಲಿ ಇದ್ದವು. ಒಬ್ಬ ಕೇಳಿದ, "ಏ ತಂಗೀ, ನಿನ್ನ ಗಂಡಗ ಹಾಡು ಕಲಿಸಿದ ಮದಾರಸಾಬ ಅಂತಾರಲ್ಲ, ಇವನೇ ಏನು?"

"ಯಾವ ಮದಾರಸಾಬ? ನಮಗ ಗೊತ್ತಿಲ್ರಿ."

ಹೆಸರು ಬಾಯಿಂದ ಹೊರಬಿದ್ದದ್ದೇ ತಡ, ಹೂರಣ ಹತ್ತಿದ ನನ್ನ ಕೈ ತಾನೇ ಎದ್ದು ಕಿವಿಗೆ ಹೋಯಿತು. ಸೆರಗು ಸರಿ ಮಾಡಿಕೊಂಡವಳ ಹಾಗೆ ಅದನ್ನು ಮುಚ್ಚಿಕೊಂಡೆ. ಗುಂಪಿನವರಿಗೆ ತಿಳಿಯಲಿಲ್ಲ. ನಿನ್ನಪ್ಪ ನೋಡಿದರು. ನೋಡಿ — ಆ ನೋಟ ಬರೆಯಲು ನನಗೆ ಬರುವುದಿಲ್ಲ.

"ಮನಿ ತಪ್ಪಿ ಬಂದೀನಿ ಬೇಟಿ, ಮಾಫ್ ಮಾಡು," ಎಂದರು. ನಮ್ಮ ಮನೆಗೆ ಏನೂ ಆಗಬಾರದೆಂದು ಅವರೂ ಸುಳ್ಳು ಹೇಳಿದರು. ಆಮೇಲೆ ಆ ಗಂಡಸರು ಅವರನ್ನು ನಡುವೆ ಹಾಕಿಕೊಂಡು ಮೆಹಕರದ ದಾರಿ ಹಿಡಿದರು. ನಾನು ಕಣ್ಣಾರೆ ನೋಡಿದೆ.

ನನ್ನ ಗಂಡ ಎಲ್ಲಿದ್ದರು? ದೇವರ ಕೋಣೆಯಲ್ಲಿ. ಎಲ್ಲ ಕೇಳಿಸಿಕೊಂಡರು. ತಾರಸ್ಥಾಯಿಗೆ ಹೋದರೆ ಪೇಟೆಯ ತುದಿಗೆ ಮುಟ್ಟುತ್ತಿದ್ದ ದನಿ ಆ ದಿನ ಹೊಸ್ತಿಲ ತನಕ ಬರಲಿಲ್ಲ. ಸತ್ತವರನ್ನು ಬೈಯಬಾರದು ಅನ್ನುತ್ತಾರೆ. ನಾನು ಬೈಯುತ್ತೇನೆ. ಆಮೇಲೆ ಅವರು ಗುರುವಿನ ಹೆಸರೇ ಎತ್ತಲಿಲ್ಲ. ಹಾಡಿದರು, ಚಪ್ಪಾಳೆ ತಗೊಂಡರು. ಯಾರಾದರೂ ಕೇಳಿದರೆ "ಎಲ್ಲಾ ಅವನ ಕೃಪೆ" ಎಂದು ಮೇಲೆ ಕೈ ತೋರಿಸುತ್ತಿದ್ದರು. ಪಕ್ಕದಲ್ಲಿ ಕೂತು ನಾನೂ ತಲೆಯಾಡಿಸಿದೆ.

ಕೆಲವು ದಿನ ಬಿಟ್ಟು ನಿನ್ನವ್ವ ಬಂದಳು. ಅವಳ ಬೆರಳು ಹಿಡಿದು ನೀನು ನಿಂತಿದ್ದೆ, ಚಿಕ್ಕವಳು. "ಭಾಲ್ಕಿಗಿ ಹೋಗ್ತೇನಿ, ಅಲ್ಲಿ ಆಗ್ಲಿಲ್ಲಂದ್ರ ಔರಾದಿನ ಶಿಷ್ಯನ ಮನಿಗಿ ಹೋಗ್ತೇನಿ ಅಂದಿದ್ರು. ಇಲ್ಲಿಗಿ ಬಂದಿದ್ರೇನವ್ವ?" ಎಂದು ಕೇಳಿದಳು.

"ಇಲ್ಲ ಆಪಾ. ಬಂದಿಲ್ಲ."

ಅವಳು ಔರಾದಿಗೆ ಹೋದಳು.

ಆ ದಿನದ ಸುಳ್ಳಿಗೆ ಹೆದರಿಕೆ ಕಾರಣ ಅಂತಾದರೂ ಹೇಳಬಹುದಿತ್ತು. ಆದರೆ ದೀಪಾವಳಿಗೆ ನಾನು ತವರಿಗೆ ಹೋದೆ. ನನ್ನ ತವರು ಮೆಹಕರ. ಅಣ್ಣ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋಗಿ ದನಿ ಇಳಿಸಿ ಹೇಳಿದ, "ಗಂಟಲಿಗಿ ಬಟ್ಟಿ ಸುತ್ತಿದ ಒಬ್ಬ ಸಾಬ ನಮ್ಮ ಬದುವಿನಾಗ ಸತ್ತು ಬಿದ್ದಿದ್ದ. ನಾನೇ ಮಣ್ಣು ಮಾಡೀನಿ. ಯಾರಿಗೂ ಹೇಳಬ್ಯಾಡ." ಹೇಳಲಿಲ್ಲ. ಅದಾದ ಮೇಲೂ ನಿನ್ನವ್ವ ಬಂದಳು. ಗಲಾಟೆ ತಣ್ಣಗಾಗಿತ್ತು, ನಿಜಾಮನ ರಾಜ್ಯ ಹೋಗಿತ್ತು, ಕೊಡಲಿಗಳು ಕಟ್ಟಿಗೆ ಕಡಿಯಲು ಮರಳಿದ್ದವು. ಬಾಗಿಲಲ್ಲಿ ಯಾರೂ ಇರಲಿಲ್ಲ, ಅವಳು ಮತ್ತು ನಾನು. ಆಗ ಹೇಳಲು ನನಗೇನು ರೋಗ? ಗಂಡನಿಗೆ ಹೆಸರು ಬರುತ್ತಿತ್ತು. ನನಗೆ ಆ ಹೆಸರು ಹಿತವಾಗಿತ್ತು. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದರೆ ಅದೂ ಸುಳ್ಳಾಗುತ್ತದೆ.

ಅವಳಿಗೆ ನೀರು ಕೊಟ್ಟೆ, ರೊಟ್ಟಿ ಕಟ್ಟಿಕೊಟ್ಟೆ. ಔರಾದಿಗೆ ಹೋಗುವ ದಾರಿಗೆಂದು ಕಟ್ಟಿಕೊಟ್ಟೆ ಜೈನಬಿ! ಅವಳ ಗಂಡ ಎಲ್ಲಿದ್ದಾನೆಂದು ತಿಳಿದೂ — ಥೂ.

ಬೀದರದಲ್ಲಿ ನೀನಿರುವ ಓಣಿ ನನಗೆ ಗೊತ್ತು. ಎರಡು ಸಲ ಅಲ್ಲಿಯ ತನಕ ಬಂದು ತಿರುಗಿ ಬಂದಿದ್ದೇನೆ. ಮುಂದಿನ ವಾರ ಬರುತ್ತೇನೆ, ಈ ಸಲ ತಿರುಗುವುದಿಲ್ಲ. ಈ ಹುಡುಗರು ಇದನ್ನು ಅಚ್ಚು ಹಾಕಲಿ, ಹರಿದು ಒಲೆಗೆ ಹಾಕಲಿ, ಎಲ್ಲವನ್ನೂ ನಿನ್ನೆದುರಿಗೆ ಬಾಯಿಂದ ಹೇಳುತ್ತೇನೆ. ಅವರ ಶಾಲು ನನಗೆ ಬೇಡ. ಕುರ್ಚಿಯೂ ಬೇಡ.

ಆಮೇಲೆ ನಿನಗೆ ಮನಸ್ಸಿದ್ದರೆ ಮೆಹಕರಕ್ಕೆ ಹೋಗೋಣ. ಊರ ಹೊರಗೆ ಅಣ್ಣನ ಹೊಲ, ಈಗ ಅವನ ಮಗ ಉಳುತ್ತಾನೆ. ಹೊಲದ ಮೂಡಣ ಬದುವಿನಲ್ಲಿ ಬಾರಿ ಹಣ್ಣಿನ ಮುಳ್ಳುಗಿಡ ಇದೆ, ಅದರ ಬುಡದಲ್ಲಿ ಒಂದು ತುಂಡು ನೆಲಕ್ಕೆ ಅವನು ನೇಗಿಲು ತಾಗಿಸುವುದಿಲ್ಲ. ಯಾಕೆಂದು ಅವನಿಗೂ ಗೊತ್ತಿಲ್ಲ, ಅಪ್ಪ ಬೇಡವೆಂದಿದ್ದ ಅನ್ನುತ್ತಾನೆ. ಅದೇ ಜಾಗ. ತೋರಿಸಿ ನಾನು ದೂರ ಸರಿದು ನಿಲ್ಲುತ್ತೇನೆ. ನನ್ನ ಹತ್ತಿರ ನೀನು ಮಾತಾಡಬೇಕೆಂದಿಲ್ಲ. ಫಾತಿಹಾ ಓದಲು ಯಾರನ್ನು ಕರೆತರಬೇಕೋ ಕರೆದುಕೊಂಡು ಬಾ. ಅಣ್ಣನಿಗೆ ನಿಮ್ಮ ಪ್ರಾರ್ಥನೆ ಬರುತ್ತಿರಲಿಲ್ಲ, ಸುಮ್ಮನೆ ಮಣ್ಣು ಎಳೆದು ಬಂದಿದ್ದ.